ತ್ಯಾಗವೀರ ಸಿರಸಂಗಿ ಲಿಂಗರಾಜರು

ಗುರುವರ್ಯರ ಚರಿತ್ರೆಗಳಿಂದ ಕೂಡಿದ ಈ ಮಹೋತ್ಸವ ಸಂಪುಟದಲ್ಲಿ ಗೃಹಸ್ಥರಾದ ಒಬ್ಬ ದೇಸಾಯರ ಚರಿತ್ರೆಯನ್ನು ಸೇರಿಸಿದುದೇಕೆಂದು ಭಕ್ತಜನರಿಗೆ ಸಂಶಯವುಂಟಾಗಬಹುದು. ನಮ್ಮ ಮಠಗಳು ಬಾಲಕರಿಗೆ ಪ್ರಸಾದವನ್ನಿತ್ತು, ಮಲಗಲು ಪಡಸಾಲೆಯನ್ನಿತ್ತು, ಅಕ್ಷರವನ್ನು ಕಲಿಸಿದವು. ಆದರೆ ಆ ಬಾಲಕರು ಮುಂದಿನ ವಿದ್ಯೆಗೆ ದೂರದ ಪಟ್ಟಣಗಳಿಗೆ ಹೋಗಬೇಕಾದಾಗ ದ್ರವ್ಯವೆಲ್ಲಿಂದ ಬರಬೇಕು? ಈ ಪ್ರಶ್ನೆಗೆ ತಮ್ಮ ಸರ್ವಸ್ವವನ್ನೇ ಉತ್ತರವಾಗಿ ಕೊಟ್ಟವರು ಲಿಂಗರಾಜರು. ಆದ್ದರಿಂದ ಅವರ ಚರಿತ್ರೆಗೆ ಇಲ್ಲಿ ಸ್ಥಾನವುಂಟು.

ಲಿಂಗರಾಜರು 1861ನೆಯ ಇಸವಿ ಜನೇವರಿ 10ರಂದು, ಈಗ ಗದಗ ಜಿಲ್ಲೆಗೆ ಸೇರಿರುವ ಶಿಗ್ಲಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ನವಲಗುಂದ-ಸಿರಸಂಗಿ ದೇಸಗತಿಯ ಮನೆತನಕ್ಕೆ ದತ್ತಕರಾಗಿ ಬಂದು, ಜಾಯಪ್ಪ ದೇಸಾಯರ ಹೆಸರನ್ನು ತಂದೆಯ ಹೆಸರಾಗಿ ಧರಿಸಿದರು. ಸಿರಸಂಗಿಯು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ, ಕಾಳಿಕಾದೇವಿಯ ಗುಡಿಯಿಂದ ಖ್ಯಾತವಾದ ಗ್ರಾಮವು. ಉತ್ತರಕ್ಕೆ ನಡೆದರೆ ಗೋಕಾವಿಯ ಸೀಮೆಯು ಬಹುದೂರವಲ್ಲ. ಎರೆಯ ನೆಲ, ಜೋಳ, ಹತ್ತಿ, ವಾಡೆ, ಸೇವಕರು ಇವೆಲ್ಲವೂ ಒಕ್ಕಲ ಮನೆಯಿಂದ ಬಂದ ಬಾಲಕನಿಗೆ ಒಮ್ಮೆಲೇ ದೊರೆತವು. ದೊರೆತುದನ್ನು ಅನುಭವಿಸುವುದು ಸುಲಭ. ಇದು ಯಾರ ಬೆವರಿನಿಂದ ಬಂದುದೆಂದು ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ.

ಅವರು ಹದಿನೈದು ಹದಿನಾರರ ಪ್ರಾಯದವರಾಗಿದ್ದಾಗ 1876-78ರ ಘೋರ ಕ್ಷಾಮವು ಈ ನಾಡನ್ನು ಕಾಡಿತು. ಸತ್ತವರು ಅಸಂಖ್ಯ, ಗುಳೆ ಹೋದವರು ಅಸಂಖ್ಯ. ಮುಂದೆ ದೇಸಗತಿಯ ಆಡಳಿತವನ್ನು ವಹಿಸಿಕೊಂಡ ಮೇಲೆ ಒಕ್ಕಲುತನದ ಸುಧಾರಣೆಯಲ್ಲಿ ಅವರು ತೋರಿದ ಆಸಕ್ತಿಗೆ ಆ ದಿನಗಳ ನೆನಪೂ ಕಾರಣವಾಗಿರಬೇಕೆಂದು ನಮ್ಮ ಊಹೆ.

ಆ ಕಾಲದ ವಿದ್ಯೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ 1 ಆಣೆಯ ಪಟ್ಟಿಯನ್ನು ಎತ್ತಿ ಲೋಕಲ್ ಫಂಡಿಗೆ ಸೇರಿಸುತ್ತಿದ್ದರು. 1869ರ ಕಾಯದೆಯಿಂದ ಇದು ಸ್ಥಿರಪಟ್ಟಿತು. ಅದರಲ್ಲಿ ಎರಡು ಪಾಲು ರಸ್ತೆ ಮೊದಲಾದವುಗಳಿಗೆ ಹೋಗಿ, ಮೂರನೆಯ ಪಾಲು ಮಾತ್ರ ಶಾಲೆಗಳಿಗೆ ಉಳಿಯುತ್ತಿತ್ತು. ಆ ಪಾಲಿನಲ್ಲಿಯೇ ಮಾಸ್ತರರ ಸಂಬಳವಾಗಬೇಕು, ಶಾಲಾಗೃಹವೂ ಏಳಬೇಕು! ಎಷ್ಟೋ ಗ್ರಾಮಗಳಲ್ಲಿ ಗುಡಿಯ ಕಟ್ಟೆಯೋ, ಚಾವಡಿಯೋ, ಮಠದ ಅಂಗಳವೋ ಶಾಲೆಯಾಗಿತ್ತು. ಪ್ರಾಥಮಿಕ ಶಾಲೆಯ ಗತಿಯೇ ಹೀಗಿರಲು, ಇಂಗ್ಲಿಷ್ ವಿದ್ಯೆಗೆ ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕು. ಕಾಲೇಜಿಗಾದರೆ ಪುಣೆ ಮುಂಬಯಿಗಳೇ ಗತಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾದುದು 1917ರಲ್ಲಿ. ಹುಕ್ಕೇರಿಯ ಒಕ್ಕಲಿಗನ ಮಗನೊಬ್ಬನು ಹತ್ತೊಂಬತ್ತನೆಯ ಶತಮಾನದಲ್ಲಿ ಪದವೀಧರನಾಗಬೇಕೆಂದರೆ ತಂದೆಯು ಎತ್ತುಗಳನ್ನು ಮಾರಬೇಕಾಗುತ್ತಿತ್ತು. ಕಂದಾಯವನ್ನೂ ಅದರ ಮೇಲಿನ ಆಣೆಯನ್ನೂ ಕೊಟ್ಟ ಒಕ್ಕಲಿಗನ ಮಕ್ಕಳೇ ಮೇಲಿನ ವಿದ್ಯೆಗೆ ಹೊರಗಾಗಿದ್ದರು.

ಈ ಕೊರತೆಯನ್ನು ಮೊದಲು ಮನಗಂಡವರು ಗಿಲಗಂಚಿ ಗುರುಸಿದ್ಧಪ್ಪನವರು ಹಾಗೂ ಅರಟಾಳ ರುದ್ರಗೌಡರು. ಇವರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಫಂಡು ಸ್ಥಾಪಿತವಾಯಿತು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರ ಸಂಕಲ್ಪದಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ನೆರೆದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರೇ. ಮರುವರ್ಷ ಬೆಂಗಳೂರಿನ ಅಧಿವೇಶನಕ್ಕೂ ಅವರೇ ಅಧ್ಯಕ್ಷರು. ವಿರಕ್ತರೊಬ್ಬರು ಕರೆದರು, ಶ್ರೀಮಂತರೊಬ್ಬರು ಬಂದರು. ಇಬ್ಬರ ಚಿಂತೆಯೂ ಸಮಾಜದ ಮಕ್ಕಳದೇ.

ಇಷ್ಟರಲ್ಲಿ ಸ್ವಂತ ಮನೆಯ ಪ್ರಶ್ನೆಯು ಎದುರು ನಿಂತಿತು. ಲಿಂಗರಾಜರಿಗೆ ವಂಶವನ್ನು ಮುಂದುವರಿಸುವ ಸಂತಾನವಿರಲಿಲ್ಲ. ದೇಸಗತಿಗಳಲ್ಲಿ ಇಂಥ ಸಮಯಕ್ಕೆ ರೂಢಿಯು ಒಂದೇ: ಒಬ್ಬ ಬಾಲಕನನ್ನು ದತ್ತಕ ತೆಗೆದುಕೊಂಡು ಮನೆತನದ ಹೆಸರನ್ನೂ ಆಸ್ತಿಯನ್ನೂ ಉಳಿಸಿಕೊಳ್ಳುವುದು. ತಾವೇ ಹಾಗೆ ಬಂದವರಾದ ಲಿಂಗರಾಜರು ಆ ದಾರಿಯನ್ನು ಬಿಟ್ಟರು. ಒಬ್ಬನ ಬದಲಿಗೆ ಸಮಾಜದ ಬಡಮಕ್ಕಳೆಲ್ಲರನ್ನೂ ಉತ್ತರಾಧಿಕಾರಿಗಳನ್ನಾಗಿ ಮಾಡಿ, ದೇಸಗತಿಯ ಆಸ್ತಿಯ ಉತ್ಪನ್ನವು ಲಿಂಗಾಯತ ವಿದ್ಯಾರ್ಥಿಗಳ ವಿದ್ಯೆಗೆ ಸಲ್ಲಬೇಕೆಂದು ಮರಣಶಾಸನವನ್ನು ಬರೆಯಿಸಿದರು. ಒಂದೇ ಸಮಾಜಕ್ಕೇಕೆ ಎಂದು ಇಂದಿನವರು ಕೇಳಬಹುದು, ಕೇಳತಕ್ಕದ್ದೇ. ಆದರೆ ಆ ಕಾಲದಲ್ಲಿ ಪ್ರತಿಯೊಂದು ಸಮಾಜವೂ ತನ್ನ ಮಕ್ಕಳ ವಿದ್ಯೆಯ ಭಾರವನ್ನು ತಾನೇ ಹೊರಬೇಕಾಗಿತ್ತೆಂಬುದನ್ನು ಮರೆಯಲಾಗದು.

1906ನೆಯ ಇಸವಿ ಆಗಸ್ಟ್ 23ರಂದು, ನಾಲ್ವತ್ತೈದರ ಪ್ರಾಯದಲ್ಲಿಯೇ ಅವರು ಲಿಂಗೈಕ್ಯರಾದರು. ದಾನವು ಕೂಡಲೇ ಫಲ ಕೊಡಲಿಲ್ಲ. ಆಸ್ತಿಯ ವಿಷಯವು ನ್ಯಾಯಾಲಯದ ಮೆಟ್ಟಿಲನ್ನೇರಿ ವರ್ಷಗಳು ಕಳೆದವು. ಮನೆತನದವರನ್ನು ಇದಕ್ಕಾಗಿ ದೂಷಿಸುವುದು ಉಚಿತವಲ್ಲ. ತಲೆತಲಾಂತರದಿಂದ ತಮ್ಮದೆನಿಸಿದ ನೆಲವು ಒಂದು ಕಾಗದದಿಂದ ಪರರ ಮಕ್ಕಳಿಗೆ ಸಲ್ಲುವುದನ್ನು ಕಂಡು ಯಾರ ಮನಸ್ಸು ತಾನೇ ನೋಯದು? ಕಡೆಗೆ ಶಾಸನದ ಉದ್ದೇಶವೇ ನಿಂತಿತು. ನವಲಗುಂದ-ಸಿರಸಂಗಿ ಟ್ರಸ್ಟೆಂಬ ಹೆಸರಿನಿಂದ, ಜಿಲ್ಲೆಯ ಕಲೆಕ್ಟರರ ಮೇಲ್ವಿಚಾರಣೆಯಲ್ಲಿ ಆ ನಿಧಿಯು ನಡೆಯತೊಡಗಿ, ಹಳ್ಳಿಗಳ ವಿದ್ಯಾರ್ಥಿಗಳಿಗೆ ವೇತನವು ದೊರೆಯಹತ್ತಿತು.

ಇತ್ತ ಬೆಳಗಾವಿಯಲ್ಲಿ 1916ನೆಯ ಇಸವಿ ನವೆಂಬರ್ 13ರಂದು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಒಂದು ಶಾಲೆಯೊಡನೆ ಆರಂಭವಾಗಿತ್ತು. ಅದು ಕಾಲೇಜನ್ನು ತೆರೆದುದು 1933ರಲ್ಲಿ. ಅದಕ್ಕೆ ಲಿಂಗರಾಜರ ಹೆಸರೇ ಬಂದಿತು. 1939ರಲ್ಲಿ ತೆರೆದ ಕಾಯದೆಯ ಕಾಲೇಜು ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಪಡೆಯಿತು. ಹುಕ್ಕೇರಿ ಸೀಮೆಯ ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರು. ಹೀಗೆ ದೇಸಗತಿಗಳ ಹೆಚ್ಚುವರಿ ಸಂಪತ್ತು ಶಾಲೆಯ ಗೋಡೆಗಳಾಗಿ ಮಾರ್ಪಟ್ಟಿತು.

ಗೋಕಾವಿ ಮತ್ತು ಹುಕ್ಕೇರಿಗಳಲ್ಲಿ, ಹಿಂದೆ ಗೋಕಾವಿಗೆ ಸೇರಿದ್ದು ಈಗ ತಾನೇ ತಾಲೂಕೆನಿಸಿರುವ ಮೂಡಲಗಿಯಲ್ಲಿ, ಊರ ಒಡೆತನದ ಬಯಲೊಂದು ಬರಿದೇ ಉಳಿದಿದ್ದರೆ ಅದನ್ನು ಹರಾಜಿಗಿಡಬೇಕೋ ಶಾಲೆಗೆ ಬಿಡಬೇಕೋ ಎಂದು ಪಂಚರು ಕುಳಿತು ಯೋಚಿಸುವ ಪ್ರಸಂಗಗಳು ಇಂದಿಗೂ ಬರಬಹುದು. ಆ ಸಭೆಗಳಲ್ಲಿ ಕುಳಿತವರ ಪೈಕಿ ಯಾರ ತಂದೆಯೋ ಅಜ್ಜನೋ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದವನಿರಬಹುದು.