ಬೂದಿ ಬಸವಪ್ಪ

ಬೂದಿ ಬಸವಪ್ಪನ ನಿಜನಾಮ ಸಾದರ ಮಲ್ಲ. ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಒಕ್ಕಲುಮಗ. ಆಂಗ್ಲರು ಬರೆದಿಟ್ಟ ಚರಿತ್ರೆಯಲ್ಲಿ ಅವನು ದರೋಡೆಗಾರ, ಸೋಗುಗಾರ, ಅಷ್ಟೆ. ಜಂಗಮನೊಬ್ಬನಿಂದ ಬಿದನೂರು ಅರಸರ ಮುದ್ರೆಗಳು ಕೈಸೇರಲು, ತಾನು ಆ ಮನೆತನದವನೆಂದು ಹೇಳಿಕೊಂಡನಂತೆ. ಅದು ಸುಳ್ಳೇ ಇರಬಹುದು. ಆದರೆ ಅಷ್ಟೊಂದು ರೈತರು ಅದನ್ನೇಕೆ ನಂಬಿದರು?

ಉತ್ತರವು ಕಂದಾಯದ ಲೆಕ್ಕದಲ್ಲಿದೆ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿ ಸರ್ಕಾರಕ್ಕೆ ವರ್ಷವರ್ಷವೂ ಸುಮಾರು 24½ ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಗಿದ್ದಿತು. ಮಳೆ ಬರಲಿ, ಬಾರದಿರಲಿ, ಈ ಹಣ ನಿಲ್ಲುವಂತಿರಲಿಲ್ಲ. ಅರಮನೆಯ ದುಂದು ಬೇರೆ. ಇಷ್ಟು ಹಣ ತಂದೇ ತರುವೆನೆಂದು ಅಮಲ್ದಾರನಿಂದ ಬರೆಸಿಕೊಳ್ಳುವ ಶರತ್ತು ಪದ್ಧತಿ ಬಂದಿತು. ಕೊರತೆ ಬಿದ್ದರೆ ಅವನೇ ತುಂಬಬೇಕು. ಅವನು ತನ್ನ ಗಂಟಿನಿಂದ ತುಂಬುವನೇ? ರೈತನ ಕಣಜಕ್ಕೆ ಕೈಹಾಕಿದನು.

1830ರಲ್ಲಿ, ನಮ್ಮ ಕತ್ತಲಗೆರೆಗೆ ದೂರವಲ್ಲದ ಬಸವಾಪಟ್ಟಣದಲ್ಲಿ ರೈತರ ಕೂಟ ನೆರೆಯಿತು. ನಗರ ಸೀಮೆಯೇ ಎದ್ದಿತು. ಬಾಕಿಯೆಲ್ಲ ಮಾಫಿ, ವರಹ ಕೊಡುತ್ತಿದ್ದಲ್ಲಿ ಒಂದೇ ರೂಪಾಯಿ ಕಂದಾಯ ಎಂದು ಬಸವಪ್ಪ ಸಾರಿದನು. ಹಸಿದ ಒಕ್ಕಲಿಗನಿಗೆ ಇದಕ್ಕಿಂತ ದೊಡ್ಡ ರಾಜಮುದ್ರೆ ಬೇಕೆ?

1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರದ ಕೋಟೆಯನ್ನು ಹಿಡಿಯಿತು. ಅದೇ ವರ್ಷ, ಈ ದಂಗೆಯನ್ನೇ ಕಾರಣವಾಗಿ ತೋರಿಸಿ, ಸಂಸ್ಥಾನದ ಆಡಳಿತವನ್ನೂ ಕಂಪನಿ ವಹಿಸಿಕೊಂಡಿತು. 50 ವರ್ಷಗಳ ಮೇಲೆ, 1881ರಲ್ಲಿ, ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿ ಗೊತ್ತುಮಾಡಿದರು.