ವಚನಪಿತಾಮಹ ಫ. ಗು. ಹಳಕಟ್ಟಿಯವರು

ನೀತಿಶಾಸ್ತ್ರಕಾರರು ಕಾರ್ಯಾರ್ಥಿಗಳನ್ನು ಮೂರು ತೆರನಾಗಿ ವಿಂಗಡಿಸಿದ್ದಾರೆ. ವಿಘ್ನದ ಭಯದಿಂದ ಕಾರ್ಯವನ್ನು ಆರಂಭಿಸದೆಯೇ ಇರುವವರು ಒಂದು ತೆರ. ಉತ್ಸಾಹದಿಂದ ಆರಂಭಿಸಿ, ವಿಘ್ನ ಬಂದೊಡನೆ ಕೈಬಿಡುವವರು ಎರಡನೆಯ ತೆರ. ವಿಘ್ನಗಳು ಮೇಲಿಂದ ಮೇಲೆ ಬಂದೆರಗಿದರೂ ಹಿಡಿದ ಕಾರ್ಯವನ್ನು ಬಿಡದೆ ಕೊನೆಮುಟ್ಟಿಸುವವರು ಮೂರನೆಯ ತೆರ. ಈ ಮೂರನೆಯ ತೆರದವರು ಲೋಕದಲ್ಲಿ ವಿರಳ. ಆದರೆ ಒಂದು ನಾಡಿನ ಸಂಸ್ಕೃತಿ ಉಳಿದು ಬೆಳೆಯುವುದು ಅಂಥ ವಿರಳರಿಂದಲೇ. ಕನ್ನಡಿಗರು ವಚನಪಿತಾಮಹರೆಂದು ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಈ ಪಂಕ್ತಿಗೆ ಸೇರಿದ ಮಹನೀಯರು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖನವ್ಯವಸಾಯದಲ್ಲಿ ಆಸಕ್ತಿಯುಳ್ಳವರು. ತಾಯಿ ದಾನಮ್ಮನವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ಪುಸ್ತಕಗಳ ಸಹವಾಸವು ತಂದೆಯಿಂದ ಬಂದ ಬಳುವಳಿಯಾಯಿತು. ಅಂದಿನ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಶಾಲೆ, ಕಚೇರಿಗಳಲ್ಲಿ ಮರಾಠಿಯ ಪ್ರಭಾವವು ದಟ್ಟವಾಗಿದ್ದು, ಕನ್ನಡವು ತನ್ನ ನೆಲದಲ್ಲಿಯೇ ಪರಕೀಯವೆಂಬಂತೆ ಇದ್ದ ಕಾಲವದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದದ್ದು ಇದೇ ಊರಿನಲ್ಲಿ. ಆಗ ಹಳಕಟ್ಟಿಯವರು ಹತ್ತು ವರ್ಷದ ಬಾಲಕ. ಮುಂದೆ ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ತೆರಳಿದ ಅವರಿಗೆ ಅಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯ ಬಗೆಗೆ ಇರಿಸಿಕೊಂಡಿದ್ದ ಅಭಿಮಾನವು ಪ್ರತ್ಯಕ್ಷ ಪಾಠವಾಯಿತು. ಮುಂದೆ ಕನ್ನಡದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರ ಸ್ನೇಹವೂ ಅವರಿಗೆ ಅಲ್ಲಿಯೇ ಲಭಿಸಿತು.

1904ರಲ್ಲಿ ಕಾಯಿದೆಯ ಪದವಿಯನ್ನು ಪಡೆದು ವಕೀಲಿ ವೃತ್ತಿಗೆ ಇಳಿದ ಹಳಕಟ್ಟಿಯವರು ವಿಜಾಪುರವನ್ನು, ಎಂದರೆ ಇಂದಿನ ವಿಜಯಪುರವನ್ನು, ತಮ್ಮ ಕರ್ಮಭೂಮಿಯನ್ನಾಗಿ ಆರಿಸಿಕೊಂಡರು. ಮಳೆಯನ್ನು ನೆಚ್ಚಿ ಬದುಕುವ, ಬರಗಾಲಕ್ಕೆ ಮತ್ತೆ ಮತ್ತೆ ತುತ್ತಾಗುವ ಜಿಲ್ಲೆಯದು. ಅಲ್ಲಿಯ ಜನರಿಗೆ ವಿದ್ಯೆಯೂ ಬೇಕು, ಸಾಲದ ಶೂಲದಿಂದ ಬಿಡುಗಡೆಯೂ ಬೇಕು ಎಂಬುದನ್ನು ಅವರು ಬಹುಬೇಗ ಅರಿತರು. 1910ರಲ್ಲಿ ಉದಯವಾದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಹಿಂದೆಯೂ, 1912ರಲ್ಲಿ ಆರಂಭವಾದ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಹಿಂದೆಯೂ ಅವರ ದುಡಿಮೆಯಿದೆ. ನಗರಸಭೆಯಲ್ಲಿಯೂ, ಮುಂಬಯಿ ವಿಧಾನ ಪರಿಷತ್ತಿನಲ್ಲಿಯೂ ಅವರು ಜನಸೇವೆ ಮಾಡಿದರು. ಇಷ್ಟಕ್ಕೇ ಅವರ ಜೀವನವು ಮುಗಿದಿದ್ದರೂ ಗಣ್ಯ ವಕೀಲರೆಂದೂ ಲೋಕಹಿತಚಿಂತಕರೆಂದೂ ಅವರ ಹೆಸರು ಜಿಲ್ಲೆಯಲ್ಲಿ ಉಳಿಯುತ್ತಿದ್ದಿತು. ಆದರೆ ಅವರ ಪಾಲಿಗೆ ಇದಕ್ಕಿಂತ ಕಠಿನವಾದ ಕಾರ್ಯವೊಂದು ಕಾದಿದ್ದಿತು.

ಯೌವನದ ದಿನಗಳಲ್ಲಿಯೇ ಹಳಕಟ್ಟಿಯವರ ಕೈಗೆ ಕೆಲವು ತಾಡವೋಲೆಯ ಕಟ್ಟುಗಳು ಬಂದಿದ್ದವು. ಅವುಗಳಲ್ಲಿ ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳಿದ್ದವು. ಆ ಸರಳ ಗಂಭೀರವಾದ ನುಡಿಗಳು ತರುಣ ವಕೀಲರ ಹೃದಯವನ್ನು ಸೂರೆಗೊಂಡವು. ಕೆಲವು ವಚನಗಳು ಅದಕ್ಕೆ ಮೊದಲೇ ಅಲ್ಲಲ್ಲಿ ಅಚ್ಚಾಗಿದ್ದವು, ದಿಟ. ಆದರೆ ಬಹುಭಾಗವು ಮಠಗಳ ಜಗಲಿಯ ಮೇಲೂ, ಹಳ್ಳಿಯ ಮನೆಗಳ ಮಾಡುಗಳಲ್ಲಿಯೂ ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಾಗಿ ಉಳಿದಿದ್ದಿತು. ಭಕ್ತರು ಆ ಕಟ್ಟುಗಳಿಗೆ ವಿಭೂತಿ ಧರಿಸಿ, ಪತ್ರಿಪುಷ್ಪಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಕಡಮೆಯಾಗಿದ್ದರು. ಪೂಜೆ ನಡೆಯುತ್ತಿದ್ದಂತೆಯೇ ಗೆದ್ದಲು, ತೇವ, ಹೊಗೆಗಳು ಓಲೆಗಳನ್ನು ನುಂಗುತ್ತಿದ್ದವು. ಒಂದು ಮನೆಯ ಕಟ್ಟು ಹಾಳಾದರೆ ಅದರೊಡನೆ ಒಬ್ಬ ಶರಣನ ಹೆಸರೇ ಅಳಿದುಹೋಗುವ ಸಂಭವವಿದ್ದಿತು. ಈ ಅಪಾಯವನ್ನು ಕಂಡ ದಿನದಿಂದ ಹಳಕಟ್ಟಿಯವರ ಬಿಡುವಿನ ವೇಳೆಯೆಲ್ಲ ಓಲೆಗಳ ಪಾಲಾಯಿತು.

ಓಲೆಗರಿಯ ಕೆಲಸವನ್ನು ದೂರದಿಂದ ನೋಡುವವರಿಗೆ ಅದರ ಶ್ರಮ ತಿಳಿಯದು. ಮೊದಲು ಒಡೆಯರ ಮನವೊಲಿಸಬೇಕು. ಮನೆದೇವರಂತೆ ಕಾಪಾಡಿಕೊಂಡು ಬಂದ ಕಟ್ಟನ್ನು ಪರರ ಕೈಗೆ ಕೊಡಲು ಯಾರಿಗಾದರೂ ಹಿಂಜರಿಕೆ ಸಹಜ. ಕೊಟ್ಟ ಮೇಲೆ ಓದಿನ ಕಷ್ಟ. ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿದ ಹೊರತು ಅವು ಕಣ್ಣಿಗೆ ಗೋಚರಿಸುವುದಿಲ್ಲ. ಪದಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವು ಸ್ಪಷ್ಟವಿರದು. ಹುಳು ಕೊರೆದ ರಂಧ್ರವು ಒಂದು ಅಕ್ಷರವನ್ನು ನುಂಗಿದರೆ ಅರ್ಥವೇ ತಲೆಕೆಳಗಾದೀತು. ಒಂದೇ ವಚನವು ಒಂದು ಕಟ್ಟಿನಲ್ಲಿ ಒಬ್ಬ ಶರಣರ ಅಂಕಿತದಲ್ಲಿಯೂ, ಇನ್ನೊಂದರಲ್ಲಿ ಮತ್ತೊಬ್ಬರ ಅಂಕಿತದಲ್ಲಿಯೂ ಇರುವುದುಂಟು. ಇವನ್ನೆಲ್ಲ ತಾಳೆನೋಡಿ, ಕಾಗದಕ್ಕೆ ಇಳಿಸಿ, ವಚನಕಾರರನ್ನು ಗುರುತಿಸಿ, ವಿಷಯಕ್ಕೆ ತಕ್ಕಂತೆ ಜೋಡಿಸುವುದು ವಿದ್ವಾಂಸರ ಒಂದು ಮಂಡಲಿಯೇ ಮಾಡಬೇಕಾದ ಕೆಲಸ. ಹಳಕಟ್ಟಿಯವರು ಕೋರ್ಟಿನ ಕೆಲಸದ ನಡುವೆ ಇದನ್ನು ವರ್ಷಾನುವರ್ಷ ಮಾಡಿದರು. ಅವರ ಶೋಧಕ್ಕೆ ಮುನ್ನ ವಿದ್ವಲ್ಲೋಕಕ್ಕೆ ಪರಿಚಿತರಾಗಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ಶ್ರಮದಿಂದ ಆ ಸಂಖ್ಯೆಯು ಇನ್ನೂರನ್ನು ಮೀರಿತೆಂದು ಬಲ್ಲವರು ಗಣಿಸಿದ್ದಾರೆ.

ಹೀಗೆ ಸಿದ್ಧವಾದ ಗ್ರಂಥವೇ ವಚನಶಾಸ್ತ್ರಸಾರ. ಇದನ್ನು ಅಚ್ಚು ಹಾಕಿಸಲೆಂದು ಅವರು ಹಸ್ತಪ್ರತಿಯನ್ನು 1922ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಕನ್ನಡದ ಅಂದವಾದ ಮುದ್ರಣಕ್ಕೆ ಹೆಸರಾಗಿದ್ದ ಅಚ್ಚುಕೂಟವದು. ಆದರೆ ಹಸ್ತಪ್ರತಿಯು ಅಚ್ಚಾಗದೆ ಹಿಂದಕ್ಕೆ ಬಂದಿತು. ಎರಡು ದಶಕಗಳಿಗೆ ಸಮೀಪವಾದ ಶ್ರಮದ ಫಲವು ಅಂಚೆಯ ಕಟ್ಟಾಗಿ ಮನೆಬಾಗಿಲಿಗೆ ಮರಳಿದಾಗ ಎಂಥವರ ಎದೆಯೂ ಕುಸಿದೀತು. ಹಳಕಟ್ಟಿಯವರು ದೂರುತ್ತ ಕೂಡಲಿಲ್ಲ. ಬೇರೊಂದು ಬಾಗಿಲನ್ನು ತಟ್ಟಿದರು. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ, ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಬೆಳಕು ಕಂಡಿತು. ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಅದೊಂದು ಶುಭಮುಹೂರ್ತ.

ಆದರೆ ಗ್ರಂಥವೊಂದು ಹೊರಬಂದ ಮಾತ್ರಕ್ಕೆ ಕಾರ್ಯವು ಮುಗಿದಿರಲಿಲ್ಲ. ಸಂಗ್ರಹವಾದ ಸಾಮಗ್ರಿಯು ಅಪಾರವಾಗಿದ್ದಿತು. ಪ್ರತಿಯೊಂದು ಪುಸ್ತಕಕ್ಕೂ ಪರರ ಮುದ್ರಣಾಲಯವನ್ನು ಕಾಯುತ್ತ ಕುಳಿತರೆ ಒಂದು ಆಯುಷ್ಯವು ಸಾಲದು. ಆದುದರಿಂದ ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಬೆಳೆಯುವ ಸಂಸಾರವುಳ್ಳ ಗೃಹಸ್ಥರೊಬ್ಬರು ತಲೆಯ ಮೇಲಿನ ಸೂರನ್ನು ಮಾರಿ ಅಚ್ಚಿನ ಮೊಳೆಗಳನ್ನು ಕೊಳ್ಳುವುದೆಂದರೆ ಅದು ಲೋಕದ ಲೆಕ್ಕಕ್ಕೆ ಸಿಕ್ಕದ ವ್ಯವಹಾರ. ಅಂದಿನಿಂದ ಅವರಿಗೆ ಬಾಡಿಗೆಯ ಮನೆಯೇ ಗತಿಯಾಯಿತು. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಈ ತ್ಯಾಗದಲ್ಲಿ ಸಮಭಾಗಿಗಳಾದರೆಂಬುದನ್ನು ಮರೆಯುವಂತಿಲ್ಲ.

1926ರಲ್ಲಿ ಅವರು ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ ನವಕರ್ನಾಟಕ ಎಂಬ ವಾರಪತ್ರಿಕೆಯನ್ನೂ ಹೊರತಂದರು. ಪತ್ರಿಕೆಯನ್ನು ನಡೆಸಿದವರೇ ಅದರ ಒತ್ತಡವನ್ನು ಬಲ್ಲರು. ಸಂಚಿಕೆಯು ಗೊತ್ತಾದ ದಿನ ಹೊರಡಲೇಬೇಕು. ಚಂದಾಹಣ ಬಾರದಿದ್ದರೂ ಕಾಗದದ ಹಣ ಕೊಡಲೇಬೇಕು. ಹಳಕಟ್ಟಿಯವರು ತಾವೇ ಸಂಪಾದಕರು, ತಾವೇ ಲೇಖಕರು, ತಾವೇ ಕರಡಚ್ಚು ತಿದ್ದುವವರು. ಇಷ್ಟರ ನಡುವೆ ಅವರ ವಕೀಲಿಯು ದಿನೇ ದಿನೇ ಸೊರಗಿತು, ವರಮಾನವು ಕುಗ್ಗಿತು, ಉಡುಗೆ ತೊಡುಗೆ ತೀರ ಸಾಮಾನ್ಯವಾಯಿತು. ಆದರೂ ಮೂರು ದಶಕಗಳಿಗೂ ಮಿಕ್ಕಿ ಶಿವಾನುಭವವು ನಡೆದು, ಶರಣರ ವಚನಗಳೂ ಹರಿಹರನ ರಗಳೆಗಳೂ ಶೂನ್ಯಸಂಪಾದನೆಯೂ ಅವರ ಶ್ರಮದಿಂದ ಒಂದೊಂದಾಗಿ ಕನ್ನಡಿಗರ ಕೈ ಸೇರಿದವು.

ಇಲ್ಲಿ ವಿದ್ವಾಂಸರು ಎತ್ತುವ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಹಳಕಟ್ಟಿಯವರ ಪಾಠಗಳಲ್ಲಿ ಅಲ್ಲಲ್ಲಿ ದೋಷಗಳಿವೆ. ಮುಂದೆ ಬಂದ ಪಂಡಿತರು ಇನ್ನೂ ಹೆಚ್ಚಿನ ಪ್ರತಿಗಳನ್ನು ನೋಡಿ ಅವನ್ನು ತಿದ್ದಬೇಕಾಯಿತು. ಇದು ನಿಜ. ಗ್ರಂಥಸಂಪಾದನೆಯ ನಿಯಮದಂತೆ ಎಲ್ಲ ಪ್ರತಿಗಳನ್ನೂ ಕಲೆಹಾಕಿ, ಪಾಠಾಂತರಗಳನ್ನೆಲ್ಲ ತೂಗಿನೋಡಿ, ನಿರ್ದುಷ್ಟವಾದ ಮೇಲೆಯೇ ಪ್ರಕಟಿಸುವುದು ಉತ್ತಮ ಮಾರ್ಗ. ಆದರೆ ಓಲೆಗಳು ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿರಲಿಲ್ಲ. ಪರಿಪೂರ್ಣತೆಗಾಗಿ ಕಾದರೆ ಮೂಲವೇ ಅಳಿದೀತು. ಆತುರದಿಂದ ನುಗ್ಗಿದರೆ ತಪ್ಪು ನುಸುಳೀತು. ಈ ಉಭಯಸಂಕಟದಲ್ಲಿ ಹಳಕಟ್ಟಿಯವರು ಅಂದಂದಿಗೆ ದೊರೆತ ಪ್ರತಿಗಳನ್ನು ತಮ್ಮ ಶಕ್ತಿ ಮೀರಿ ಶೋಧಿಸಿ, ಅಚ್ಚಿಗೆ ಕೊಟ್ಟು, ಮುಂದಿನ ಓಲೆಗೆ ಕೈಹಾಕಿದರು. ತಮ್ಮ ಹೆಸರಿಗೆ ಬರಬಹುದಾದ ಕುಂದಿಗಿಂತ ಶರಣರ ಮಾತು ಉಳಿಯುವುದು ದೊಡ್ಡದೆಂಬ ವಿವೇಕವು ಆ ನಿರ್ಧಾರದಲ್ಲಿದ್ದಿತು. ತಿದ್ದುವವರಿಗೆ ತಿದ್ದಲು ಒಂದು ಪಾಠವನ್ನು ಉಳಿಸಿಕೊಟ್ಟವರೇ ಅವರು.

ಗೌರವಗಳು ತಾವಾಗಿ ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ತನ್ನನ್ನು ಗೌರವಿಸಿಕೊಂಡಿತು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟವನ್ನು ತೋರಿಸಲು ಮುಂದಾದವರಿಗೆ ತಾವು ಮೊದಲು ವಚನಗುಮ್ಮಟವನ್ನು ಕಾಣಬೇಕೆಂದು ತಿಳಿಸಿ ಹಳಕಟ್ಟಿಯವರ ಮನೆಗೆ ನಡೆದರೆಂಬ ಪ್ರಸಂಗವನ್ನು ಜನರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಸನ್ಮಾನದಿಂದ ಬಡತನವು ನೀಗಲಿಲ್ಲ. ಬಡತನದಿಂದ ಕಾಯಕವೂ ನಿಲ್ಲಲಿಲ್ಲ. 1964ರ ಜೂನ್ 29ರಂದು, ಎಂಬತ್ತನಾಲ್ಕು ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು.

ಅವರು ಬಿತ್ತಿದ ಬೀಜವು ಹೆಮ್ಮರವಾಯಿತು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವರು ನೆಟ್ಟ ವಿದ್ಯಾಸಂಸ್ಥೆಯು ಬೆಳೆದು, ಅವರ ಹೆಸರಿನ ಸಂಶೋಧನ ಕೇಂದ್ರವನ್ನೂ ತಾಂತ್ರಿಕ ಮಹಾವಿದ್ಯಾಲಯವನ್ನೂ ನಡೆಸುತ್ತಿದೆ. ಅವರ ಜನ್ಮದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ನಾಡು ಆಚರಿಸುತ್ತಿದೆ.

ಇಂದಿನ ತರುಣರಿಗೆ ಈ ಜೀವನವು ಹೇಳುವ ಪಾಠವು ಸ್ಪಷ್ಟವಾಗಿದೆ. ಪರೀಕ್ಷೆಯ ಭಯ, ಒಂದು ಸೋಲಿನ ಅವಮಾನ, ಮನೆಯ ಬಡತನ, ಹಿರಿಯರ ನಿರೀಕ್ಷೆಯ ಭಾರ ಇವುಗಳಿಂದ ವಿದ್ಯಾರ್ಥಿಯ ಮನಸ್ಸು ಕುಗ್ಗುವುದುಂಟು. ಇಡೀ ಭಾರವನ್ನು ಒಮ್ಮೆಲೇ ಹೊರಲು ಹೋದವನು ಕುಸಿಯುತ್ತಾನೆ. ಹಳಕಟ್ಟಿಯವರ ಮುಂದೆಯೂ ಸಾವಿರಾರು ಓಲೆಗಳಿದ್ದವು. ಅವರು ಓದಿದ್ದು ಒಂದು ಹೊತ್ತಿಗೆ ಒಂದೇ ಓಲೆಯನ್ನು. ಹಿಂದಕ್ಕೆ ಬಂದ ಹಸ್ತಪ್ರತಿಯನ್ನು ಅವರು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ಭಾವಿಸಲಿಲ್ಲ. ತಪ್ಪಾದೀತೆಂಬ ಅಂಜಿಕೆಯಿಂದ ಕೈಕಟ್ಟಿ ಕೂಡಲಿಲ್ಲ. ಶಿಕ್ಷಕರು ಮಕ್ಕಳಿಗೆ ಅಂಕಗಳ ಮಾತನ್ನು ಹೇಳುವ ಮೊದಲು ಈ ವಿವೇಕವನ್ನು ಹೇಳಿಕೊಡಲಿ. ಓದಿ ಹೊರಬಿದ್ದ ಹಳೆಯ ವಿದ್ಯಾರ್ಥಿಗಳೂ ಉದಾರಿಗಳಾದ ದಾನಿಗಳೂ, ಸೂರನ್ನು ಮಾರಿ ಸಾಹಿತ್ಯವನ್ನು ಉಳಿಸಿದ ಆ ದಾಸೋಹವನ್ನು ನೆನೆದು, ಕಷ್ಟದಲ್ಲಿ ಓದುವ ಒಬ್ಬ ಬಾಲಕನಿಗಾದರೂ, ಒಬ್ಬ ಬಾಲಕಿಗಾದರೂ ಆಸರೆಯಾಗಲಿ. ಶರಣರ ನುಡಿಯನ್ನು ನಮಗೆ ಉಳಿಸಿಕೊಟ್ಟ ಮಹಾನುಭಾವರಿಗೆ ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ಮಿಗಿಲಾದುದು ಇಲ್ಲ.