ಇಬ್ನ್ ಖಲ್ದೂನ್

ಅರಸರ ವಂಶಾವಳಿಯನ್ನೂ ಅವರು ಗೆದ್ದ ಯುದ್ಧಗಳ ವೃತ್ತಾಂತವನ್ನೂ ಬರೆದಿಟ್ಟರೆ ಇತಿಹಾಸಕಾರನ ಕರ್ತವ್ಯ ಮುಗಿಯಿತೆಂದು ಬಹುಜನರು ಭಾವಿಸಿದ್ದ ಕಾಲದಲ್ಲಿ, ರಾಜ್ಯಗಳು ಏಕೆ ಹುಟ್ಟುತ್ತವೆ, ಏಕೆ ಅಳಿಯುತ್ತವೆ ಎಂದು ಕೇಳಿದವನು ಇಬ್ನ್ ಖಲ್ದೂನ್. ಅವನು 1332ರ ಮೇ 27ರಂದು ಉತ್ತರ ಆಫ್ರಿಕದ ಟ್ಯುನಿಸ್ ನಗರದಲ್ಲಿ ಜನಿಸಿದನು. ಅವನ ಪೂರ್ವಿಕರು ಸ್ಪೇನಿನ ಸೆವಿಲ್ ನಗರದಲ್ಲಿ ಹಲವು ತಲೆಮಾರುಗಳ ಕಾಲ ಪ್ರತಿಷ್ಠೆಯಿಂದ ಬಾಳಿದವರು. 1248ರಲ್ಲಿ ಆ ನಗರವು ಕ್ರೈಸ್ತ ಅರಸನ ವಶವಾಗುವ ಮೊದಲೇ ಅವರು ಸಮುದ್ರವನ್ನು ದಾಟಿ ಆಫ್ರಿಕಕ್ಕೆ ಬಂದಿದ್ದರು.

ಬಾಲಕನಾಗಿದ್ದಾಗಲೇ ಅವನು ಕುರಾನನ್ನು ಕಂಠಪಾಠ ಮಾಡಿದನು. ವ್ಯಾಕರಣ, ಧರ್ಮಶಾಸ್ತ್ರ, ತರ್ಕಗಳನ್ನು ಶ್ರೇಷ್ಠ ಗುರುಗಳಿಂದ ಕಲಿತನು. ಆದರೆ 1348-49ರಲ್ಲಿ ಪ್ಲೇಗಿನ ಮಹಾಮಾರಿ ಟ್ಯುನಿಸಿಗೂ ಹಬ್ಬಿತು. ತಾಯಿತಂದೆಗಳಿಬ್ಬರೂ, ಗುರುಗಳಲ್ಲಿ ಅನೇಕರೂ ಅದಕ್ಕೆ ಬಲಿಯಾದರು. ಹದಿನೇಳು ವರ್ಷ ತುಂಬುವಷ್ಟರಲ್ಲಿ ಅವನು ಅನಾಥನಾಗಿದ್ದನು. ತಾನು ಕಂಡ ಲೋಕವೇ ಅಳಿದು ಬೇರೊಂದು ಲೋಕ ಹುಟ್ಟುತ್ತಿದೆ ಎಂಬ ಭಾವನೆ ಅವನ ಮನಸ್ಸಿನಲ್ಲಿ ಬೇರೂರಿತು.

ಮುಂದಿನ ಇಪ್ಪತ್ತೈದು ವರ್ಷಗಳನ್ನು ಅವನು ರಾಜಕಾರಣದಲ್ಲಿ ಕಳೆದನು. ಆ ಕಾಲದ ಉತ್ತರ ಆಫ್ರಿಕದಲ್ಲಿ ಸುಲ್ತಾನರು ಬೇಗಬೇಗನೆ ಬದಲಾಗುತ್ತಿದ್ದರು. ಇಬ್ನ್ ಖಲ್ದೂನನು ಆಶ್ರಯದಾತರನ್ನು ಬದಲಿಸುವುದರಲ್ಲಿ ಅವರಿಗಿಂತ ಹಿಂದೆ ಬೀಳಲಿಲ್ಲ. ಫೆಜ್ ನಗರದಲ್ಲಿ ಒಳಸಂಚಿನ ಆರೋಪಕ್ಕೆ ಗುರಿಯಾಗಿ ಸುಮಾರು ಎರಡು ವರ್ಷ ಸೆರೆಮನೆಯಲ್ಲಿದ್ದನು. 1364ರಲ್ಲಿ ಗ್ರನಾಡದ ಸುಲ್ತಾನನ ರಾಯಭಾರಿಯಾಗಿ ಕಾಸ್ಟೀಲಿನ ದೊರೆ ಪೆಡ್ರೋವಿನ ಬಳಿಗೆ ಹೋದಾಗ, ಪೂರ್ವಿಕರ ಸೆವಿಲ್ ನಗರವನ್ನು ಕಣ್ಣಾರೆ ಕಂಡನು. ತನ್ನಲ್ಲಿಯೇ ನಿಂತರೆ ಪಿತ್ರಾರ್ಜಿತವಾದ ಆಸ್ತಿಯನ್ನು ಹಿಂದಿರುಗಿಸುವುದಾಗಿ ದೊರೆ ಹೇಳಿದರೂ ಅವನು ಒಪ್ಪಲಿಲ್ಲ. ಬಳಿಕ ಬಿಜಾಯಾ ಎಂಬ ರಾಜ್ಯದಲ್ಲಿ ಮಂತ್ರಿಯಾದನು. ತನ್ನ ಒಡೆಯನು ಯುದ್ಧದಲ್ಲಿ ಹತನಾದಾಗ, ಗೆದ್ದವನಿಗೇ ನಗರವನ್ನು ಒಪ್ಪಿಸಿದನು. ಇಂಥ ನಡತೆಯಲ್ಲಿ ಜಾಣತನವಿದ್ದಷ್ಟು ನಿಷ್ಠೆಯಿರಲಿಲ್ಲವೆಂದೇ ಹೇಳಬೇಕು. ಆದರೆ ಸಿಂಹಾಸನಗಳು ಕುಸಿಯುವುದನ್ನು ಇಷ್ಟು ಸಮೀಪದಿಂದ ನೋಡಿದ ವಿದ್ವಾಂಸರು ವಿರಳ.

1375ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಅವನು ಈ ಎಲ್ಲ ಗೊಂದಲಕ್ಕೂ ಬೆನ್ನು ತಿರುಗಿಸಿ ಇಂದಿನ ಆಲ್ಜೀರಿಯದಲ್ಲಿರುವ ಇಬ್ನ್ ಸಲಾಮಾ ಎಂಬ ಒಂಟಿ ಕೋಟೆಯನ್ನು ಸೇರಿದನು. ಅಲ್ಲಿ ದೊಡ್ಡ ಗ್ರಂಥಾಲಯವಿರಲಿಲ್ಲ, ವಿದ್ವಾಂಸರ ಸಹವಾಸವಿರಲಿಲ್ಲ. ಸುತ್ತಲೂ ಅಲೆಮಾರಿ ಪಂಗಡಗಳ ನಾಡು. ಜಗತ್ತಿನ ಇತಿಹಾಸವನ್ನು ಬರೆಯಲು ಹೊರಟ ಅವನು, ಅದಕ್ಕೆ ಪೀಠಿಕೆಯಾಗಿ ‘ಮುಕದ್ದಿಮಾ’ ಎಂಬ ಗ್ರಂಥವನ್ನು 1377ರಲ್ಲಿ ಐದೇ ತಿಂಗಳುಗಳಲ್ಲಿ ರಚಿಸಿದನು. ಇಂದು ಮೂಲ ಇತಿಹಾಸಕ್ಕಿಂತ ಈ ಪೀಠಿಕೆಯೇ ಹೆಚ್ಚು ಪ್ರಸಿದ್ಧವಾಗಿದೆ.

ಹಿಂದಿನವರು ಬರೆದರೆಂಬ ಮಾತ್ರಕ್ಕೆ ಯಾವುದನ್ನೂ ನಂಬಬಾರದೆಂಬುದು ಅದರ ಮೊದಲ ಪಾಠ. ಪ್ರವಾದಿ ಮೂಸಾನ ಸೇನೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಯೋಧರಿದ್ದರೆಂದು ಮಸೂದಿ ಮೊದಲಾದ ಇತಿಹಾಸಕಾರರು ಬರೆದಿದ್ದರು. ಅಷ್ಟು ದೊಡ್ಡ ಸೇನೆ ಸಾಲುಗಟ್ಟಿ ನಿಂತರೆ ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯುವುದೆಂತು, ಕೆಲವೇ ತಲೆಮಾರುಗಳಲ್ಲಿ ಒಂದು ಕುಟುಂಬವು ಅಷ್ಟು ಲಕ್ಷ ಜನರಾಗಿ ಬೆಳೆಯುವುದೆಂತು ಎಂದು ಅವನು ಪ್ರಶ್ನಿಸಿದನು. ಅಲೆಕ್ಸಾಂಡರನು ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಸಮುದ್ರದ ತಳಕ್ಕಿಳಿದನೆಂಬ ಕಥೆಯನ್ನೂ ಹೀಗೆಯೇ ತಳ್ಳಿಹಾಕಿದನು. ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಾಡಲು ಸಾಕಷ್ಟು ಗಾಳಿ ದೊರೆಯದೆಂಬುದು ಅವನ ಸರಳವಾದ ಆಕ್ಷೇಪ.

ರಾಜ್ಯಗಳ ಏಳುಬೀಳುಗಳಿಗೆ ಅವನು ಕಂಡ ಕಾರಣವು ಅಸಬಿಯಾ, ಎಂದರೆ ಒಂದು ಗುಂಪಿನ ಜನರನ್ನು ಬಿಗಿಯುವ ಒಗ್ಗಟ್ಟಿನ ಭಾವನೆ. ಮರುಭೂಮಿಯ ಕಷ್ಟದಲ್ಲಿ ಬಾಳುವವರಲ್ಲಿ ಅದು ಬಲವಾಗಿರುತ್ತದೆ. ಅದರ ಬಲದಿಂದ ಅವರು ನಗರಗಳನ್ನು ಗೆದ್ದು ರಾಜ್ಯವನ್ನು ಕಟ್ಟುತ್ತಾರೆ. ಮಕ್ಕಳ ಕಾಲಕ್ಕೆ ಸುಖ ಬರುತ್ತದೆ; ಮೊಮ್ಮಕ್ಕಳ ಕಾಲಕ್ಕೆ ಕಷ್ಟದ ನೆನಪೂ ಉಳಿಯುವುದಿಲ್ಲ. ತಲೆಮಾರಿಗೆ ನಲವತ್ತು ವರ್ಷಗಳಂತೆ ಸುಮಾರು 120 ವರ್ಷಗಳಲ್ಲಿ ರಾಜವಂಶವು ಮುಪ್ಪಾಗುತ್ತದೆಂದು ಅವನು ಎಣಿಸಿದನು. ಆಗ ಆಡಂಬರದ ವೆಚ್ಚಕ್ಕಾಗಿ ತೆರಿಗೆಗಳನ್ನು ಏರಿಸುತ್ತಾರೆ; ಪ್ರಜೆಗಳು ದುಡಿಯುವ ಉತ್ಸಾಹವನ್ನು ಕಳೆದುಕೊಂಡು ಬೊಕ್ಕಸವು ಮತ್ತಷ್ಟು ಬರಿದಾಗುತ್ತದೆ. ಪಾಠಶಾಲೆಯನ್ನೂ ಅವನು ಮರೆಯಲಿಲ್ಲ. ವಿದ್ಯಾರ್ಥಿಗಳನ್ನು ಕ್ರೂರವಾಗಿ ದಂಡಿಸಿದರೆ ಅವರು ಸುಳ್ಳನ್ನೂ ಕಪಟವನ್ನೂ ಕಲಿಯುತ್ತಾರೆಂದು ಎಚ್ಚರಿಸಿದನು.

1382ರಲ್ಲಿ ಅವನು ಈಜಿಪ್ಟಿಗೆ ಹೋದನು. ಕೈರೋ ನಗರದಲ್ಲಿ ಬೋಧಕನಾಗಿ, 1384ರಲ್ಲಿ ಮುಖ್ಯ ನ್ಯಾಯಾಧೀಶರಲ್ಲೊಬ್ಬನಾದನು. ಅದೇ ವರ್ಷ ಅವನ ಕುಟುಂಬವನ್ನು ಟ್ಯುನಿಸಿನಿಂದ ಕರೆತರುತ್ತಿದ್ದ ಹಡಗು ಬಿರುಗಾಳಿಗೆ ಸಿಲುಕಿ ಮುಳುಗಿತು. ಹದಿಹರೆಯದಲ್ಲಿ ಅನಾಥನಾಗಿದ್ದವನು ಐವತ್ತೆರಡರಲ್ಲಿ ಮತ್ತೆ ಒಬ್ಬಂಟಿಯಾದನು. ಲಂಚಕ್ಕೆ ಒಲಿಯುವ ಸಾಕ್ಷಿಗಳನ್ನು ಅವನು ಸಹಿಸುತ್ತಿರಲಿಲ್ಲ. ಅದರಿಂದ ಶತ್ರುಗಳು ಹೆಚ್ಚಿ ಪದವಿಯನ್ನು ಮತ್ತೆಮತ್ತೆ ಕಳೆದುಕೊಂಡನು.

1401ರ ಆರಂಭದಲ್ಲಿ ಅವನು ದಮಾಸ್ಕಸ್ ನಗರದಲ್ಲಿದ್ದನು. ಎರಡು ವರ್ಷಗಳ ಹಿಂದೆ ದೆಹಲಿಯನ್ನು ಸೂರೆಗೊಂಡಿದ್ದ ತೈಮೂರನು ಈಗ ಆ ನಗರವನ್ನು ಮುತ್ತಿದ್ದನು. ಈಜಿಪ್ಟಿನ ಸುಲ್ತಾನನು ಸೇನೆಯೊಡನೆ ಹಿಂದಿರುಗಿಬಿಟ್ಟಿದ್ದನು. ಅರುವತ್ತೆಂಟರ ಇಬ್ನ್ ಖಲ್ದೂನನು ಕೋಟೆಯ ಗೋಡೆಯಿಂದ ಹಗ್ಗದ ಸಹಾಯದಿಂದ ಇಳಿದು ತೈಮೂರನ ಡೇರೆಗೆ ಹೋದನು. ಮರುಭೂಮಿಯ ಕೋಟೆಯಲ್ಲಿ ತಾನು ವರ್ಣಿಸಿದ್ದ ವಿಜೇತನೇ ಮೈದಳೆದು ಎದುರಿಗೆ ಕುಳಿತಂತಿತ್ತು. ಹಲವು ದಿನ ಅವರು ದುಭಾಷಿಯ ಮೂಲಕ ಮಾತನಾಡಿದರು. ತೈಮೂರನ ಅಪೇಕ್ಷೆಯಂತೆ ವಾಯವ್ಯ ಆಫ್ರಿಕದ ನಾಡುಗಳ ವಿವರವನ್ನು ಅವನು ಬರೆದುಕೊಟ್ಟನು. ಬಳಿಕ ಅಲ್ಲಿನ ಸುಲ್ತಾನನಿಗೆ ತೈಮೂರನ ವಿಷಯವಾಗಿಯೂ ಪತ್ರ ಬರೆದನು. ತನ್ನ ಪ್ರಾಣವನ್ನು ಉಳಿಸಿಕೊಂಡನು, ಕೆಲವರನ್ನು ಬಿಡಿಸಿದನು. ದಮಾಸ್ಕಸ್ ಮಾತ್ರ ಉಳಿಯಲಿಲ್ಲ. ಅದರ ಮಹಾಮಸೀದಿಯೂ ಬೆಂಕಿಗೆ ತುತ್ತಾಯಿತು.

ಕೈರೋವಿಗೆ ಮರಳಿದ ಮೇಲೂ ಅವನು ಇತಿಹಾಸವನ್ನು ತಿದ್ದುತ್ತಲೇ ಇದ್ದನು. ಆರನೆಯ ಬಾರಿ ನ್ಯಾಯಾಧೀಶನಾಗಿ ನೇಮಕಗೊಂಡ ಸ್ವಲ್ಪ ಕಾಲದಲ್ಲಿಯೇ, 1406ರ ಮಾರ್ಚ್ 17ರಂದು ಮರಣ ಹೊಂದಿದನು. ನಗರದ ಹೊರಗಿನ ಸೂಫಿಗಳ ರುದ್ರಭೂಮಿಯಲ್ಲಿ ಅವನನ್ನು ಸಮಾಧಿ ಮಾಡಲಾಯಿತು.